ಮಂಡಕ್ಕಿ, ಸಂಖ್ಯಾಶಾಸ್ತ್ರ, ಎರಡನೇ ಕಂತು: ದಾವಣಗೆರೆಯ ಒಂದು ವಿದ್ಯಾರ್ಥಿವೇತನ ಪ್ರಕರಣ

ದ್ವಿತೀಯ ಪಿಯುಸಿ ಮಕ್ಕಳಿಗೆ ಓದಿನ ಖರ್ಚು, ಅದರ ಜೊತೆಗೆ ಸಣ್ಣ ಉದ್ಯಮದ ತರಬೇತಿ, ಕೈಗೊಂದಿಷ್ಟು ಬಂಡವಾಳ. ಹೀಗೆ ಮೂರನ್ನೂ ಒಟ್ಟಿಗೆ ಕೊಡುವ ವಿದ್ಯಾರ್ಥಿವೇತನದ ಆಲೋಚನೆ ಒಳ್ಳೆಯದೇ. ಆದರೆ ಹಣಕ್ಕೆ ಯಾವ ಷರತ್ತು ಹಾಕುತ್ತೇವೆ, ಆ ಹಣ ವರ್ಷದ ಯಾವ ತಿಂಗಳಲ್ಲಿ ಮಗುವಿನ ಕೈಸೇರುತ್ತದೆ ಎಂಬುದರಲ್ಲಿ ಎಡವಿದರೆ ಓದೂ ಹಾಳು, ವ್ಯಾಪಾರವೂ ಹಾಳು. 2023–24ರಲ್ಲಿ ದಾವಣಗೆರೆ ನಗರದಲ್ಲಿ ನಡೆದ ಒಂದು ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆಯಲಾಗಿದೆ. ಇಂಥ ಯೋಜನೆ ನಡೆಸುವ ಟ್ರಸ್ಟ್‌ಗಳು, ಪಿಯು ಉಪನ್ಯಾಸಕರು, ಅರ್ಜಿ ಹಾಕುವ ಮನೆಯವರು ಎಲ್ಲರಿಗೂ ಇದರಲ್ಲಿ ಎತ್ತಿಕೊಳ್ಳುವಂಥದ್ದಿದೆ. ಹುಡುಗಿಯ ಹೆಸರು, ಕಾಲೇಜು, ಬಡಾವಣೆ, ಟ್ರಸ್ಟ್ ಯಾವುದನ್ನೂ ಹೇಳಿಲ್ಲ.

ಹಿನ್ನೆಲೆ

ಹುಡುಗಿಗೆ ಆಗ 17 ವರ್ಷ. ವಾಣಿಜ್ಯ ವಿಭಾಗ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ಅವ್ವ ಎರಡು ಮನೆಯ ಕೆಲಸ ಮಾಡುತ್ತಾ ಸ್ವಸಹಾಯ ಸಂಘದಲ್ಲಿ ವಾರವಾರ ಉಳಿತಾಯ ಕಟ್ಟುವವರು. ದಾವಣಗೆರೆಯವರಿಗೆ ಭಟ್ಟಿಯ ಬಗ್ಗೆ ಹೇಳಬೇಕಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಅದಕ್ಕೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದರೆ ಅರಳುತ್ತದೆ. ಆ ಬಿಸಿ ಮತ್ತು ಹೊಗೆಯಲ್ಲಿ ಇಡೀ ದಿನ ದುಡಿದರೂ ಲಾಭವೆಲ್ಲ ಮುಂದಿನ ಹಂತದವರಿಗೆ. ಹುಡುಗಿಯ ಅರ್ಜಿಯ ತಿರುಳು ಅದೇ ಆಗಿತ್ತು: ಅಪ್ಪ ಹುರಿಯುವ ಮಂಡಕ್ಕಿಯನ್ನೇ ಖಾರ ಮಂಡಕ್ಕಿ ಮಾಡಿ ಪ್ಯಾಕೆಟ್ ಕಟ್ಟಿ ಮಾರುವುದು. ನೀರಿನಲ್ಲಿ ನೆನೆಸಿ ಮಾಡುವ ಮಂಡಕ್ಕಿ ಒಗ್ಗರಣೆಯಾದರೆ ಮಾಡಿದ ಹೊತ್ತಿಗೇ ಮುಗಿಯಬೇಕು. ಅವಳು ಮಾಡಹೊರಟದ್ದು ಒಣ ಖಾರ ಮಂಡಕ್ಕಿ.

ಸ್ವಉದ್ಯೋಗ ತರಬೇತಿಗೆ ನಮ್ಮಲ್ಲಿ ದಾರಿಯಿಲ್ಲವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯೇ ಬೆಳೆದು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾಗಿ ದೇಶದ ತುಂಬ ಹಬ್ಬಿದೆ. ಅಲ್ಲಿ ತರಬೇತಿ, ಊಟ, ವಸತಿ ಉಚಿತ. ಆದರೆ ಸೇರಲು 18 ತುಂಬಿರಬೇಕು. ಪಿಯುಸಿ ಕೊನೆಯ ವರ್ಷದಲ್ಲಿ, ಮುಂದೆ ಓದುವುದೋ ಕೂಲಿಗೆ ಹೋಗುವುದೋ ಎಂದು ಮನೆಯಲ್ಲಿ ಮಾತು ನಡೆಯುವ ಹೊತ್ತಿಗೆ, 17ರ ಮಗುವಿಗೆ ಕೈ ಹಿಡಿಯುವವರು ಕಡಿಮೆ. ಈ ಟ್ರಸ್ಟ್ ಆ ಸಂದಿಯಲ್ಲಿ ನಿಲ್ಲಲು ಹೊರಟಿತ್ತು.

ಕೊಟ್ಟ ನೆರವು ಒಟ್ಟು 30,000 ರೂಪಾಯಿ. ಇದರಲ್ಲಿ 18,000 ಓದಿಗೆ, ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 1,800ರಂತೆ. ಉಳಿದ 12,000 ಬಂಡವಾಳ. ಮೊದಲ ಕಂತು 5,000 ಆಗಸ್ಟ್‌ನಲ್ಲಿ. ಎರಡನೆಯದು 7,000, ನವೆಂಬರ್ 15ರೊಳಗೆ 15,000 ರೂಪಾಯಿ ಮಾರಾಟ ತೋರಿಸಿದರೆ ಮಾತ್ರ. ಭಾನುವಾರ ಬೆಳಿಗ್ಗೆ ಮೂರು ಗಂಟೆ ತರಬೇತಿ, ಒಬ್ಬ ಬೇಕರಿ ಮಾಲೀಕರ ಮಾರ್ಗದರ್ಶನ. ಮಾರಾಟದ ಷರತ್ತು ಹಾಕಿದವರ ಉದ್ದೇಶ ಕೆಟ್ಟದ್ದಲ್ಲ. ಸುಮ್ಮನೆ ಹಣ ಪಡೆದು ಕೈಬಿಡಬಾರದು ಎಂಬ ಕಾಳಜಿ ಅಷ್ಟೇ. ಆದರೆ ಇಡೀ ಪ್ರಕರಣ ತಿರುಗಿದ್ದು ಆ ಒಂದು ಸಾಲಿನ ಮೇಲೆ.

ಮೊದಲ ತೊಡಕು: ಖಾತೆ, ಹೆಸರು, ಕಾಗದ

ಜೂನ್, ಜುಲೈ ಎರಡು ತಿಂಗಳ ಹಣ ಹುಡುಗಿಗೆ ಆಗಸ್ಟ್‌ವರೆಗೂ ಸಿಗಲಿಲ್ಲ. ಹೈಸ್ಕೂಲಿನಲ್ಲಿ ತೆರೆದಿದ್ದ ಖಾತೆಯಲ್ಲಿ ಎರಡು ವರ್ಷದಿಂದ ವ್ಯವಹಾರವೇ ಇರಲಿಲ್ಲವಾಗಿ ಬ್ಯಾಂಕು ಅದನ್ನು ನಿಷ್ಕ್ರಿಯವೆಂದು ಗುರುತಿಸಿತ್ತು. ಹೊಸ ಖಾತೆ ತೆರೆಯುವುದು ಸುಲಭದ ದಾರಿ ಎನಿಸಿತು. ಕಾಲೇಜಿನ ಗುಮಾಸ್ತರು ತಡೆದರು, ತಡೆದದ್ದು ಒಳ್ಳೆಯದಾಯಿತು. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬರುತ್ತದೆ. ಹೊಸ ಖಾತೆ ತೆರೆಯುವಾಗ ಫಾರಂನಲ್ಲಿ ಆಧಾರ್ ಜೋಡಣೆಗೆ ಟಿಕ್ ಹಾಕಿಬಿಟ್ಟರೆ ಆ ಹಣವೂ ಅಲ್ಲಿಗೇ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ಕಾದವರು ಕಾಯುತ್ತಲೇ ಇರುತ್ತಾರೆ. ಹಾಗಾಗಿ ಹಳೆಯ ಖಾತೆಗೇ ಕೆವೈಸಿ ಮಾಡಿಸಿ ಮತ್ತೆ ಜೀವ ಕೊಟ್ಟರು. ಇದಕ್ಕೆ ಒಂಬತ್ತು ದಿನ ಹಿಡಿಯಿತು. ಆಯ್ಕೆ ಪಟ್ಟಿ ಹೊರಬಿದ್ದ ದಿನವೇ ಖಾತೆಗೆ ಒಂದು ರೂಪಾಯಿ ಹಾಕಿ ನೋಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಇನ್ನೊಂದು ವಯಸ್ಸಿನ ಪ್ರಶ್ನೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. ಹೀಗಾಗಿ ಆಹಾರ ಸುರಕ್ಷತಾ ನೋಂದಣಿಯನ್ನು ಅವ್ವನ ಹೆಸರಿನಲ್ಲಿ ಮಾಡಿಸಿದರು. ವಾರ್ಷಿಕ ವಹಿವಾಟು 12 ಲಕ್ಷದೊಳಗಿನವರಿಗೆ ಆಗ ಇದ್ದದ್ದು ಮೂಲ ನೋಂದಣಿ, ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಎರಡೂ ಅವ್ವನ ಹೆಸರಿಗೆ ಬಂದದ್ದು ಮೊದಲಿಗೆ ಬರೀ ಕಾಗದದ ಮಾತಾಗಿ ಕಂಡಿತ್ತು. ಮುಂದೆ ನೋಡಿದರೆ ಉದ್ಯಮವನ್ನು ಹಿಡಿದು ನಿಲ್ಲಿಸಿದವರು ಅವರೇ.

ಟ್ರಸ್ಟ್ ಹಾಕಿದ್ದ ಒಂದು ನಿಯಮ ಮೆಚ್ಚುವಂಥದ್ದು: ಹುಡುಗಿ ಭಟ್ಟಿಯೊಳಗೆ ಕೆಲಸಕ್ಕೆ ಇಳಿಯಬಾರದು. ಮಂಡಕ್ಕಿ ಮನೆಗೆ ಬಂದ ಮೇಲಿನ ಕೆಲಸ ಮಾತ್ರ ಅವಳದು.

ಲೆಕ್ಕದಲ್ಲಿ ಕಂಡ ಲಾಭ

ಮೊದಲ 5,000 ಹೀಗೆ ಖರ್ಚಾಯಿತು: ಎಲೆಕ್ಟ್ರಾನಿಕ್ ತಕ್ಕಡಿ 1,300, ಸ್ಟೀಲ್ ಡಬ್ಬಿಗಳು 650, ಐನೂರು ತೆಳು ಪ್ಲಾಸ್ಟಿಕ್ ಪ್ಯಾಕೆಟ್ ಮತ್ತು ಐನೂರು ಲೇಬಲ್ ಸೇರಿ 750, ನೋಂದಣಿ 100, ಉಳಿದ 2,200 ಸಾಮಾನಿಗೆ.

ಒಂದು ಒಬ್ಬೆಯ, ಅಂದರೆ ಒಂದು ಸಲಕ್ಕೆ ಮಾಡುವಷ್ಟರ, ಅಳತೆ: ಮಂಡಕ್ಕಿ 1 ಕೆಜಿ, ಎಣ್ಣೆ 120 ಮಿಲಿ, ಶೇಂಗಾ 150 ಗ್ರಾಂ, ಪುಟಾಣಿ 100 ಗ್ರಾಂ, ಬೆಳ್ಳುಳ್ಳಿ 50 ಗ್ರಾಂ, ಖಾರದ ಪುಡಿ 20 ಗ್ರಾಂ, ಕರಿಬೇವು ಒಂದು ದೊಡ್ಡ ಹಿಡಿ, ಅರಿಶಿನ, ರುಚಿಗೆ ಚೂರೇ ಉಪ್ಪು. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ಅದನ್ನು ಮರೆತು ಹಾಕಿದ ಮೊದಲ ಒಬ್ಬೆ ಬಾಯಿಗಿಡಲಾಗಲಿಲ್ಲ.

ಅರ್ಜಿಯಲ್ಲಿ ಅವಳು ತೋರಿಸಿದ್ದ ಲೆಕ್ಕ: ಸಾಮಾನು 114 ರೂಪಾಯಿ, ಒಟ್ಟು ತೂಕ 1,415 ಗ್ರಾಂ, 100 ಗ್ರಾಂನ 14 ಪ್ಯಾಕೆಟ್, ಒಂದಕ್ಕೆ 8.14 ರೂಪಾಯಿ. ಅಂಗಡಿಗೆ 16ಕ್ಕೆ ಕೊಟ್ಟು, ಅಂಗಡಿಯವರು 20ಕ್ಕೆ ಮಾರಿದರೆ ತನಗೆ ಪ್ಯಾಕೆಟ್‌ಗೆ ಸುಮಾರು 8 ರೂಪಾಯಿ ಲಾಭ. ಆಯ್ಕೆ ಸಮಿತಿಯಲ್ಲಿದ್ದವರು ಯಾರೂ ಇದನ್ನು ಪ್ರಶ್ನಿಸಲಿಲ್ಲ. ಪ್ರಶ್ನಿಸಬೇಕಿತ್ತು.

ನಿಜದ ಲೆಕ್ಕ ಬೇರೆ. ಪುಡಿ, ನುಚ್ಚು, ಬಾಣಲೆಗೆ ಅಂಟಿದ್ದು ಕಳೆದರೆ ಕೈಗೆ ಬರುವುದು 1,350 ಗ್ರಾಂ ಆಸುಪಾಸು, ಅಂದರೆ 13 ಪ್ಯಾಕೆಟ್. ಗ್ಯಾಸ್ 6 ರೂಪಾಯಿ, ಕರಿಬೇವು, ಅರಿಶಿನ, ಉಪ್ಪು ಸೇರಿ 4 ರೂಪಾಯಿ ಬಿಟ್ಟುಹೋಗಿತ್ತು. ಅವನ್ನು ಸೇರಿಸಿದರೆ ಒಬ್ಬೆಗೆ 124, ಪ್ಯಾಕೆಟ್‌ಗೆ 9.54. ತೆಳು ಪ್ಯಾಕೆಟ್, ಲೇಬಲ್ 1.50. ಆಟೊ, ಬಸ್ಸಿಗೆ ಹಂಚಿದರೆ 60 ಪೈಸೆ. ಒಟ್ಟು 11.64. ಮುಂದೆ ಗಟ್ಟಿ ಪ್ಯಾಕೆಟ್‌ಗೆ ಬದಲಾದ ಮೇಲೆ ಅದು 12.44 ಆಯಿತು, ಉಳಿತಾಯ 3.56. ಮೂರು ಒಬ್ಬೆ, 39 ಪ್ಯಾಕೆಟ್ ಮಾಡಿ, ತೂಗಿ, ಕಟ್ಟಲು ತಾಯಿ ಮಗಳಿಬ್ಬರಿಗೂ ಮೂರು ಮೂರು ಗಂಟೆ ಬೇಕು. 139 ರೂಪಾಯಿಯನ್ನು ಆರು ಗಂಟೆಗೆ ಹಂಚಿದರೆ ಗಂಟೆಗೆ 23 ರೂಪಾಯಿ.

ಈ 23 ಎಂಬ ಅಂಕಿಯನ್ನು ಆಗಸ್ಟ್‌ನಲ್ಲೇ ಕಾಗದದ ಮೇಲೆ ಬರೆದಿದ್ದರೆ ಹೆಚ್ಚು ಮಾರು ಎಂದು ಯಾರೂ ಅವಳಿಗೆ ಹೇಳುತ್ತಿರಲಿಲ್ಲ. ಮೊದಲು ಬೆಲೆ ಸರಿಮಾಡು, ಇಲ್ಲವೇ ನೇರ ಗಿರಾಕಿ ಹುಡುಕು ಎನ್ನುತ್ತಿದ್ದರು. ಆ ಅಂಕಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ.

ಬೆಳಗಿನ ಮೊದಲ ಪೀರಿಯಡ್

ಸೆಪ್ಟೆಂಬರ್‌ನಿಂದ ನವೆಂಬರ್ 4ರವರೆಗೆ ಒಂಬತ್ತು ವಾರದಲ್ಲಿ 560 ಪ್ಯಾಕೆಟ್ ಹೋಯಿತು, 8,960 ರೂಪಾಯಿ. ಐದು ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆಯುವ ಹೊತ್ತಿಗೆ ಮಾಲು ಮುಟ್ಟಿಸಿ ಕಾಲೇಜಿಗೆ ಓಡುವುದು. ಈ ವೇಳೆಯನ್ನು ಆರಿಸಿದ್ದು ಅವಳೇ; ಸಂಜೆ ಮನೆಗೆಲಸ ಇರುತ್ತದೆ, ಬೆಳಿಗ್ಗೆಯೇ ವಾಸಿ ಎಂದು.

ಇದರಲ್ಲಿ ಎರಡು ಪೆಟ್ಟು ಅಡಗಿತ್ತು. ವ್ಯಾಪಾರ ಗೊತ್ತಿದ್ದವರಿಗೆ ಒಂದು ಕೂಡಲೇ ಹೊಳೆಯುತ್ತದೆ. ಬೋಣಿಗೆ ಆಗುವ ಮೊದಲು ಯಾವ ಅಂಗಡಿಯವರೂ ಗಲ್ಲಾದಿಂದ ಹಣ ತೆಗೆದು ಕೊಡುವುದಿಲ್ಲ, ದೀಪ ಹಚ್ಚಿದ ಮೇಲೂ ಕೊಡುವುದಿಲ್ಲ. ಬೆಳಿಗ್ಗೆ ಮಾಲು ಕೊಟ್ಟವಳು ಪ್ರತಿ ಸಲವೂ ಬರೆಸಿಕೊಂಡು ಬರುತ್ತಿದ್ದಳು. ಉದ್ರಿ ಬೆಳೆದದ್ದು ಅಂಗಡಿಯವರ ಮೋಸದಿಂದೇನೂ ಅಲ್ಲ, ಅವಳು ಹೋಗುತ್ತಿದ್ದ ಹೊತ್ತಿನಿಂದ. ಇನ್ನೊಂದು ಪೆಟ್ಟು ಕಾಲೇಜಿನಲ್ಲಿ. ವಾರದಲ್ಲಿ ನಾಲ್ಕು ದಿನ ಮೊದಲ ಪೀರಿಯಡ್ ಸಂಖ್ಯಾಶಾಸ್ತ್ರ. ಹತ್ತು, ಹದಿನೈದು ನಿಮಿಷ ತಡವಾಗಿ ಬಂದವಳಿಗೆ ಆ ಹಾಜರಿ ಇಲ್ಲ.

ದೀಪಾವಳಿಯ ಹತ್ತು ದಿನ

ನವೆಂಬರ್ 4ಕ್ಕೆ ಗುರಿಗೆ ಇನ್ನೂ 6,040 ರೂಪಾಯಿ ಕಡಿಮೆಯಿತ್ತು. ಆ ವರ್ಷ ದೀಪಾವಳಿ ನವೆಂಬರ್ 12ಕ್ಕೆ. ಹಬ್ಬದ ವ್ಯಾಪಾರದಲ್ಲಿ ಮುಟ್ಟಿಬಿಡಬಹುದು ಎಂದು ಮಾರ್ಗದರ್ಶಕರೂ ಹುರಿದುಂಬಿಸಿದರು. ಸಾಮಾನಿಗೆ ಕೈಯಲ್ಲಿ ಕಾಸಿರಲಿಲ್ಲ, ಇದ್ದದ್ದೆಲ್ಲ ಉದ್ರಿಯಲ್ಲಿ. ಅವ್ವ ಸಂಘದಿಂದ 2,000 ಸಾಲ ತಂದರು. ಹತ್ತು ದಿನ, ದಿನಕ್ಕೆ ಮೂರು ಒಬ್ಬೆಯಂತೆ 30 ಒಬ್ಬೆ, 390 ಪ್ಯಾಕೆಟ್. ಹಳೆಯ ಐದು ಅಂಗಡಿಯ ಜೊತೆಗೆ ಆರು ಹೊಸ ಅಂಗಡಿ, ಎಲ್ಲವೂ ಉದ್ರಿ.

ನವೆಂಬರ್ 15ಕ್ಕೆ ಪುಸ್ತಕದಲ್ಲಿ 950 ಪ್ಯಾಕೆಟ್, 15,200 ರೂಪಾಯಿ ಮಾರಾಟ. ಗುರಿ ಮುಟ್ಟಿತ್ತು.

ಮುಂದಿನ ಭಾನುವಾರ ತರಬೇತಿಗೆ ಬಂದಿದ್ದ ಒಬ್ಬ ನಿವೃತ್ತ ಬ್ಯಾಂಕ್ ಸಿಬ್ಬಂದಿ ಅವಳ ಪುಸ್ತಕ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಡಬ್ಬಿಯಲ್ಲಿ ಎಷ್ಟಿದೆಯಮ್ಮಾ?" ಅವಳು ಉತ್ತರಿಸಲಿಲ್ಲ. ಬಂದ ನಗದು ಅಲ್ಲಿಯವರೆಗೆ ಒಟ್ಟು 8,100, ಅದೂ ಸಾಮಾನಿಗೆ ಹೋಗಿ ಮುಗಿದಿತ್ತು. 7,100 ಉದ್ರಿ. ಲೆಕ್ಕಶಾಸ್ತ್ರದಲ್ಲಿ ಅವಳಿಗೆ ಒಳ್ಳೆಯ ಅಂಕ ಬರುತ್ತಿತ್ತು. ಮಾರಾಟಕ್ಕೂ ನಗದಿಗೂ ಇರುವ ಅಂತರ ಅವಳಿಗೆ ತಿಳಿಯದ್ದೇನಲ್ಲ. ಷರತ್ತು ಕೇಳಿದ್ದು ಮಾರಾಟ, ಅವಳು ತೋರಿಸಿದ್ದು ಮಾರಾಟ.

ಅದೇ ವಾರ ಮಾಲು ವಾಪಸಾಗತೊಡಗಿತು. "ಏನವ್ವಾ ಇದು, ತಗಂಡೋದೋರು ರಬ್ಬರ್ ಆಗೈತೆ ಅಂತ ತಂದ್ ಬಿಸಾಕಿ ಹೋದ್ರು. ಉಳಿದಿದ್ದೂ ತಗಂಡೋಗು" ಎಂದರು ಒಬ್ಬ ಅಂಗಡಿಯವರು. ಒಟ್ಟು 146 ಪ್ಯಾಕೆಟ್, ಅಂಗಡಿ ದರದಲ್ಲಿ 2,336 ರೂಪಾಯಿ. ಅವುಗಳಿಗೆ ಆಗಲೇ ಸುರಿದಿದ್ದ ಖರ್ಚು ಸುಮಾರು 1,700. ಕಾಲೇಜಿನಲ್ಲಿ ಅರ್ಧವಾರ್ಷಿಕದ ಉತ್ತರ ಪತ್ರಿಕೆ ಕೊಟ್ಟರು: ಸಂಖ್ಯಾಶಾಸ್ತ್ರ 80ಕ್ಕೆ 19. ಆ ವಿಷಯದ ಹಾಜರಾತಿ ಶೇ. 68. ವಾರ್ಷಿಕ ಪರೀಕ್ಷೆಗೆ ಕೂರಲು ಶೇ. 75 ಬೇಕು.

ಅಕ್ಟೋಬರ್, ನವೆಂಬರ್ ತಿಂಗಳ ಓದಿನ ಹಣದಲ್ಲಿ ಸಂಘದ ಕಂತು ಕಟ್ಟಲಾಗಿತ್ತು ಎಂಬುದು ಮನೆಗೆ ಹೋದಾಗ ತಿಳಿಯಿತು. ಅವ್ವನ ಮಾತು: "ಸಂಘದ ಕಂತು ಶುಕ್ರವಾರ ಐತಿ ಮೇಡಂ, ಅಂಗಡಿಯೋರು ಸೋಮವಾರ ಬಾ ಅಂತಾರೆ. ನಡುವೆ ನಾನೇನ್ ಮಾಡ್ಲಿ?"

ಮೂರು ದಾರಿ, ಒಂದು ತೀರ್ಮಾನ

ನವೆಂಬರ್ ಕೊನೆಯ ವಾರ ಅವ್ವ, ಹುಡುಗಿ, ಸಂಖ್ಯಾಶಾಸ್ತ್ರದ ಉಪನ್ಯಾಸಕಿ, ಬೇಕರಿ ಮಾಲೀಕರು, ಟ್ರಸ್ಟ್‌ನ ಇಬ್ಬರು ಒಟ್ಟಿಗೆ ಕೂತರು. ವ್ಯಾಪಾರ ಪೂರ್ತಿ ನಿಲ್ಲಿಸಿ ಓದಿಗೆ ಮಾತ್ರ ಹಣ ಮುಂದುವರಿಸುವುದು ಒಂದು ದಾರಿ. ಉಪನ್ಯಾಸಕಿಯ ಒಲವು ಅತ್ತ. ಆದರೆ ಹಾಗೆ ಮಾಡಿದ್ದರೆ ಉದ್ರಿ ವಸೂಲಾಗುತ್ತಿರಲಿಲ್ಲ. ಮಾಲು ಬರುವುದು ನಿಂತ ದಿನವೇ ಅಂಗಡಿಯವರು ಬಾಕಿ ಮರೆಯುತ್ತಾರೆ. ಸಂಘದ ಸಾಲ ಅವ್ವನ ತಲೆಯ ಮೇಲೇ ಉಳಿಯುತ್ತಿತ್ತು. ಗುರಿ ಮುಟ್ಟಿದ್ದಾಳೆ, 7,000 ಕೊಟ್ಟು ಮುಂದುವರಿಸೋಣ ಎಂಬುದು ಇನ್ನೊಂದು. ಅದು ಬೆಂಕಿಗೆ ಎಣ್ಣೆ ಎರೆದಂತೆ. ಹಿಡಿದದ್ದು ಮೂರನೆಯ ದಾರಿ.

ಡಿಸೆಂಬರ್‌ನಿಂದ ಭಾನುವಾರ ಮಾತ್ರ ತಯಾರಿ, ಮೂರು ಒಬ್ಬೆ, 39 ಪ್ಯಾಕೆಟ್. ಹನ್ನೊಂದು ಅಂಗಡಿಯಲ್ಲಿ ಮೂರು ಮಾತ್ರ ಉಳಿಸಿಕೊಳ್ಳುವುದು. ಯಾವ ಮೂರು ಎಂಬುದನ್ನು ಯಾರು ಹೆಚ್ಚು ಕೊಳ್ಳುತ್ತಾರೆ ಎಂದು ನೋಡಿ ಆರಿಸಲಿಲ್ಲ, ಯಾರು ಹೇಳಿದ ದಿನ ಕೊಟ್ಟಿದ್ದಾರೆ ಎಂದು ನೋಡಿ ಆರಿಸಿದರು. ಮಾಲು ಮುಟ್ಟಿಸುವುದು ಕಾಲೇಜು ಬಿಟ್ಟ ಮೇಲೆ, ದೀಪ ಹಚ್ಚುವ ಮೊದಲು. ಹಿಂದಿನದರ ಹಣ ಬಂದರೆ ಮುಂದಿನ ಮಾಲು. ಜನವರಿ 15ರಿಂದ ಪರೀಕ್ಷೆ ಮುಗಿಯುವವರೆಗೆ ಹುಡುಗಿಯ ಪಾಲು ಸೊನ್ನೆ. ಮಾಡುವುದು, ಬಿಡುವುದು ಅವ್ವನ ಇಷ್ಟ.

ಟ್ರಸ್ಟ್ ತನ್ನ ಷರತ್ತನ್ನು ಹಿಂತೆಗೆದುಕೊಂಡಿತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಹಣ ಕೊಡುವವರು ತಮ್ಮ ನಿಯಮ ತಪ್ಪಿತ್ತೆಂದು ಮಗುವಿನ ಎದುರೇ ಒಪ್ಪಿಕೊಳ್ಳುವುದು ಅಪರೂಪ. ಹೊಸ ಷರತ್ತು ಮೂರು: ನಗದು ಪುಸ್ತಕ ಪ್ರತಿ ಭಾನುವಾರ ಡಬ್ಬಿಯ ಹಣಕ್ಕೆ ತಾಳೆಯಾಗಬೇಕು, ಪ್ರತಿ ಒಬ್ಬೆಯಿಂದ ಎರಡು ಪ್ಯಾಕೆಟ್ ಮಾದರಿಗೆ ತೆಗೆದಿಡಬೇಕು, 146 ಪ್ಯಾಕೆಟ್ ಏಕೆ ಕೆಟ್ಟಿತು ಎಂದು ಅವಳೇ ಒಂದು ಪುಟ ಬರೆದು ಕೊಡಬೇಕು. 7,000ದಲ್ಲಿ 1,500 ಕೈಯಿಂದ ಒತ್ತುವ ಸೀಲಿಂಗ್ ಯಂತ್ರಕ್ಕೆ, 1,500 ಸಾವಿರ ಗಟ್ಟಿ ಪ್ಯಾಕೆಟ್‌ಗೆ ಆಗಲೇ ಕೊಟ್ಟರು. ಉಳಿದ 4,000 ಪರೀಕ್ಷೆಯ ನಂತರ.

ಮಂಡಕ್ಕಿ ಏಕೆ ಮೆತ್ತಗಾಯಿತು

ಆ ಒಂದು ಪುಟ ಬರೆಯಲು ಅವಳಿಗೆ ಎರಡು ವಾರ ಹಿಡಿಯಿತು, ಏಕೆಂದರೆ ಪ್ರತಿ ಕಾರಣವನ್ನೂ ಮಾಡಿ ನೋಡಬೇಕಿತ್ತು. ಮಂಡಕ್ಕಿ ಗಾಳಿಯ ತೇವವನ್ನು ಹೀರುವ ವಸ್ತು. ಅದರ ಒಳಗೆಲ್ಲ ಟೊಳ್ಳು. ಅಲ್ಲಿಗೆ ತೇವ ಹೊಕ್ಕರೆ ಗರಿಗರಿ ಹೋಗಿ ಹಲ್ಲಿಗೆ ಜಿಗುಟುತ್ತದೆ. ತೇವ ಬಂದದ್ದು ಮೂರು ಕಡೆಯಿಂದ.

ಕರಿಬೇವು ಮತ್ತು ಬೆಳ್ಳುಳ್ಳಿಯೇ ಮೊದಲನೆಯವು. ಅವಸರದಲ್ಲಿ ಬೆಳ್ಳುಳ್ಳಿಯನ್ನು ಜಜ್ಜಿ ಬಾಡಿಸಿ ಬಿಟ್ಟರೆ ಅದರ ನೀರು ಪ್ಯಾಕೆಟ್ ಒಳಗೆ ನಿಧಾನಕ್ಕೆ ಮಂಡಕ್ಕಿಗೆ ಇಳಿಯುತ್ತದೆ. ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಬೇಕು, ಕರಿಬೇವು ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಕರಿಬೇವನ್ನು ಹಿಂದಿನ ರಾತ್ರಿಯೇ ತೊಳೆದು ಬಟ್ಟೆಯ ಮೇಲೆ ಹರವಿಡುವುದು ಒಳ್ಳೆಯದು. ಒಗ್ಗರಣೆಗೆ ಹಾಕುವ ಮೊದಲು ಮಂಡಕ್ಕಿಯನ್ನು ಖಾಲಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿದರೆ ಚೀಲದಲ್ಲಿದ್ದಾಗ ಹಿಡಿದ ತೇವವೂ ಹೋಗುತ್ತದೆ.

ಇನ್ನು ಬಿಸಿಯಲ್ಲೇ ಕಟ್ಟಿದ್ದು. ದಿನಕ್ಕೆ 39 ಮುಗಿಸುವ ಧಾವಂತದಲ್ಲಿ ಆರಲು ಬಿಡಲಿಲ್ಲ. ಒಳಗಿನ ಬಿಸಿ ಹಬೆಯಾಗಿ ಪ್ಯಾಕೆಟ್‌ನ ಒಳಮೈಗೆ ಹನಿಯಾಗಿ ಕೂತಿತು. ಹಾಗೆಂದು ರಾತ್ರಿಯಿಡೀ ತೆರೆದಿಟ್ಟರೂ ಕೆಡುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿ, ಅಂಗೈ ಇಟ್ಟರೆ ಬೆಚ್ಚಗೆ ಅನ್ನಿಸದ ಹಂತಕ್ಕೆ ಬಂದ ಕೂಡಲೇ ಕಟ್ಟಬೇಕು. ಅವರ ಮನೆಯಲ್ಲಿ ಇದಕ್ಕೆ ಅರ್ಧ ಗಂಟೆ.

ಕೊನೆಯದು ಮೇಣದಬತ್ತಿಯ ಸೀಲು. ಉರಿಯಲ್ಲಿ ಅಂಚು ಮಡಚಿ ಕರಗಿಸಿದರೆ ಕಣ್ಣಿಗೆ ಮುಚ್ಚಿದಂತೆ ಕಾಣುತ್ತದೆ, ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿರುತ್ತದೆ. ಪತ್ತೆಹಚ್ಚುವುದು ಸುಲಭ: ಗಾಳಿ ತುಂಬಿದ ಪ್ಯಾಕೆಟ್ ಅನ್ನು ನೀರಿನ ಬಕೆಟ್‌ನಲ್ಲಿ ಒತ್ತಿ ಹಿಡಿದರೆ ಗುಳ್ಳೆ ಏಳುತ್ತದೆ. ಹಳೆಯ ಸೀಲಿನ ಹತ್ತರಲ್ಲಿ ನಾಲ್ಕು ಪ್ಯಾಕೆಟ್ ಗುಳ್ಳೆ ಬಿಟ್ಟವು. ಯಂತ್ರ ಬಂದ ಮೇಲೆ ಹತ್ತರಲ್ಲಿ ಒಂದೂ ಇಲ್ಲ, ಸೀಲಿನ ಜಾಗದಲ್ಲಿ ಖಾರದ ಪುಡಿ ಅಥವಾ ಎಣ್ಣೆ ಮೆತ್ತಿದ್ದರೆ ಮಾತ್ರ ಬಿಡುತ್ತದೆ. ಪ್ಯಾಕೆಟ್‌ಗೆ ಅಗಲ ಬಾಯಿಯ ಆಲಿಕೆ ಇಟ್ಟು ತುಂಬಲು ಶುರುಮಾಡಿದ್ದು ಅದಕ್ಕೇ.

ತೆಗೆದಿಟ್ಟ ಮಾದರಿಗಳನ್ನು 7, 14, 21, 28ನೇ ದಿನ ಒಡೆದು ತಿಂದು ನೋಡಿದರು. 21ಕ್ಕೆ ಚೆನ್ನಾಗಿತ್ತು. 28ಕ್ಕೆ ಗರಿ ಇದ್ದರೂ ಶೇಂಗಾ ಕನರು ವಾಸನೆ ಹಿಡಿದಿತ್ತು. ಲೇಬಲ್ ಮೇಲೆ ಮೊದಲು ಅಂದಾಜಿಗೆ ಹಾಕಿದ್ದ ಎರಡು ತಿಂಗಳ ಬಳಕೆ ಅವಧಿ ಹೋಗಿ 21 ದಿನ ಎಂದಾಯಿತು. ಶೇಂಗಾ ಇದೆ ಎಂಬ ಸೂಚನೆಯೂ ಆಗಲೇ ಸೇರಿದ್ದು. ಶೇಂಗಾ ಆಗದವರಿಗೆ ಅದು ಜೀವದ ಪ್ರಶ್ನೆ.

ತೂಕದ ಪಾಠ

ಪ್ರಕರಣದ ಅತ್ಯಂತ ಫಲವತ್ತಾದ ತಿರುವು ಯಾರೂ ಯೋಜಿಸಿದ್ದಲ್ಲ. ದ್ವಿತೀಯ ಪಿಯು ಸಂಖ್ಯಾಶಾಸ್ತ್ರದಲ್ಲಿ ಗುಣಮಟ್ಟ ನಿಯಂತ್ರಣದ ಒಂದು ಅಧ್ಯಾಯವಿದೆ. ಉಪನ್ಯಾಸಕಿ ಅವಳಿಗೆ ಪುಸ್ತಕದ ಲೆಕ್ಕ ಬಿಟ್ಟು ಅವಳ ಪ್ಯಾಕೆಟ್‌ಗಳನ್ನೇ ತೂಗಿ ತರಲು ಹೇಳಿದರು. ಒಂದು ಒಬ್ಬೆಯಿಂದ ಐದು, ಹೀಗೆ ಹತ್ತು ಒಬ್ಬೆ. ಸರಾಸರಿಗಳ ಸರಾಸರಿ 102 ಗ್ರಾಂ. ವ್ಯಾಪ್ತಿಯ, ಅಂದರೆ ಒಂದೇ ಒಬ್ಬೆಯ ಐದರಲ್ಲಿ ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಇರುವ ಅಂತರದ, ಸರಾಸರಿ 6 ಗ್ರಾಂ. ಐದರ ಮಾದರಿಗೆ ಕೋಷ್ಟಕದ ಗುಣಕ 0.577. ಮೇಲಿನ ಮಿತಿ 102 + 0.577 × 6 = 105.46, ಕೆಳಗಿನ ಮಿತಿ 98.54. ಒಬ್ಬೆಯ ಸರಾಸರಿ ಈ ಎರಡು ಮಿತಿಯ ಹೊರಗೆ ಹೋದರೆ ಅಲ್ಲೇನೋ ಎಡವಟ್ಟಾಗಿದೆ ಎಂದರ್ಥ. ಎರಡು ಒಬ್ಬೆಗಳ ಸರಾಸರಿ ಕೆಳಗಿನ ಮಿತಿಗೂ ಕೆಳಗೆ ಬಿತ್ತು.

ಕಾರಣ ಹುಡುಕಿದರೆ, ಆ ಎರಡೂ ಒಬ್ಬೆಯನ್ನು ಅವ್ವ ತಕ್ಕಡಿ ಬಿಟ್ಟು ಸ್ಟೀಲ್ ಲೋಟದಲ್ಲಿ ಅಳೆದು ತುಂಬಿದ್ದರು. ನಮ್ಮ ಊರಿನಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದೇ ರೂಢಿ. ಬರೀ ಮಂಡಕ್ಕಿಗೆ ಅದು ಸರಿ. ಶೇಂಗಾ, ಪುಟಾಣಿ ಬೆರೆತಾಗ ಭಾರದವು ತಳಕ್ಕೆ ಇಳಿಯುತ್ತವೆ. ಮೊದಲು ತುಂಬಿದ ಪ್ಯಾಕೆಟ್ ಹಗುರ, ತಳದ್ದು ಭಾರ. ಗಿರಾಕಿಗೆ ಒಂದರಲ್ಲಿ ಬರೀ ಮಂಡಕ್ಕಿ, ಒಂದರಲ್ಲಿ ಬರೀ ಶೇಂಗಾ. 100 ಗ್ರಾಂ ಎಂದು ಬರೆದ ಪ್ಯಾಕೆಟ್‌ಗೆ ತೂಕ ಮತ್ತು ಅಳತೆಯ ನಿಯಮಗಳು ಬಿಡುವ ಕೊರತೆ 4.5 ಗ್ರಾಂ ಮಾತ್ರ. ಲೋಟದ ಅಳತೆಯ ಕೆಲವು ಪ್ಯಾಕೆಟ್ ಅದನ್ನೂ ದಾಟಿದ್ದವು. ಪ್ರತಿ ನಾಲ್ಕು ಪ್ಯಾಕೆಟ್‌ಗೆ ಒಮ್ಮೆ ಕೈಯಾಡಿಸಿ, ಪ್ರತಿಯೊಂದನ್ನೂ ತೂಗಿ ತುಂಬಿದ ಮೇಲೆ ವ್ಯಾಪ್ತಿ 6ರಿಂದ 3 ಗ್ರಾಂಗೆ ಇಳಿಯಿತು.

80ಕ್ಕೆ 19 ತೆಗೆದಿದ್ದ ಹುಡುಗಿ ಈ ಅಧ್ಯಾಯವನ್ನು ತರಗತಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಳು. ಬೆಳ್ಳುಳ್ಳಿ ಬೆಲೆ ಆ ಚಳಿಗಾಲದಲ್ಲಿ ಏರಿದ್ದು ನೆನಪಿರಬಹುದು, 2024ರ ಆರಂಭದಲ್ಲಿ ಕೆಜಿಗೆ 400 ರೂಪಾಯಿ ಮುಟ್ಟಿತ್ತು. 200ರಲ್ಲಿ ಹಾಕಿದ್ದ ಲೆಕ್ಕ ಒಬ್ಬೆಗೆ 10 ರೂಪಾಯಿ ಮೇಲೇರಿತು, ಅಂದರೆ ಪ್ಯಾಕೆಟ್‌ಗೆ 77 ಪೈಸೆ. 3.56ರ ಉಳಿತಾಯದಲ್ಲಿ ಅದು ಸಣ್ಣದಲ್ಲ. ಬೆಳ್ಳುಳ್ಳಿ ಅರ್ಧ ಮಾಡಿ ಇಂಗು ಸೇರಿಸಿದರು. ಸೂಚ್ಯಂಕಗಳ ಅಧ್ಯಾಯಕ್ಕೆ ಉಪನ್ಯಾಸಕಿಗೆ ಅದೇ ಉದಾಹರಣೆಯಾಯಿತು.

ಏನಾಯಿತು

ಬೆಳಗಿನ ಓಡಾಟ ನಿಂತ ಮೇಲೆ ಹಾಜರಾತಿ ಜನವರಿ ಕೊನೆಗೆ ಶೇ. 76ಕ್ಕೆ ಬಂತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರ 80ಕ್ಕೆ 34. ಮೂರು ಪರೀಕ್ಷೆಗಳ ಹೊಸ ಪದ್ಧತಿಯ ಮೊದಲ ವರ್ಷವದು. ಪರೀಕ್ಷೆ-1 ಮಾರ್ಚ್ 1ರಿಂದ 22ರವರೆಗೆ ನಡೆದು ಏಪ್ರಿಲ್ 10ಕ್ಕೆ ಫಲಿತಾಂಶ ಬಂತು. 600ಕ್ಕೆ 431, ಸಂಖ್ಯಾಶಾಸ್ತ್ರದಲ್ಲಿ 51. ಈಗ ಬಿ.ಕಾಂ. ಓದುತ್ತಿದ್ದಾಳೆ.

ಉದ್ರಿಯಲ್ಲಿ ವಾಪಸಾದ ಮಾಲು ಕಳೆದು ಉಳಿದ 4,764ರಲ್ಲಿ 3,644 ವಸೂಲಾಯಿತು. 1,120 ಬರಲೇ ಇಲ್ಲ. ಸಂಘದ ಸಾಲ ಫೆಬ್ರವರಿಯಲ್ಲಿ ತೀರಿತು. ಅವ್ವ ಪರೀಕ್ಷೆಯ ತಿಂಗಳುಗಳಲ್ಲೂ ನಿಲ್ಲಿಸಲಿಲ್ಲ, ಎರಡು ಅಂಗಡಿಗೆ ವಾರಕ್ಕೆ 39 ಕೊಡುತ್ತಾ ಬಂದರು. ಪರೀಕ್ಷೆಯ ನಂತರ ಬಂದ 4,000ದಲ್ಲಿ ದೊಡ್ಡ ಬಾಣಲೆ, ದೊಡ್ಡ ಒಲೆ ತಂದರು; ಎರಡು ಒಬ್ಬೆ ಒಟ್ಟಿಗೆ ಮಾಡಬಹುದಾದ್ದರಿಂದ ಸಮಯ ಮೂರನೇ ಒಂದು ಭಾಗ ಉಳಿಯಿತು. ಮನೆಗೆಲಸ ಮಾಡುವ ಎರಡು ಮನೆಗಳ ಮೂಲಕ 20 ರೂಪಾಯಿಗೆ ನೇರ ಗಿರಾಕಿ ಸಿಕ್ಕರು. ಹಾಗೆ ಮಾರಿದ ಪ್ಯಾಕೆಟ್‌ನಲ್ಲಿ ಉಳಿಯುವುದು 7 ರೂಪಾಯಿಯ ಮೇಲೆ. ಆದರೂ ಇದು ಕುಟುಂಬ ನಡೆಸುವ ಆದಾಯವಲ್ಲ, ವಾರದ ಕಾಯಿಪಲ್ಲೆ ಖರ್ಚು ಕಳೆಯುವಷ್ಟು ಅಷ್ಟೇ. ಅವ್ವನ ದುಡಿಮೆಗೆ ಕೂಲಿ ಕಟ್ಟಿದರೆ ಅದೂ ಉಳಿಯುವುದು ಅನುಮಾನ. ಪರೀಕ್ಷೆಯ ಕಾಲದಲ್ಲಿ ವ್ಯಾಪಾರ ಉಳಿದದ್ದು ಲೆಕ್ಕಕ್ಕೆ ಬಾರದ ಅವರ ಗಂಟೆಗಳ ಮೇಲೆ ಎಂಬುದನ್ನು ಮುಚ್ಚಿಟ್ಟು ಇದನ್ನು ಯಶೋಗಾಥೆ ಎನ್ನುವುದು ಸರಿಯಲ್ಲ.

ಯೋಜನೆಯಲ್ಲಿ ಬದಲಾದದ್ದು

ಮುಂದಿನ ತಂಡಕ್ಕೆ ಟ್ರಸ್ಟ್ ಕ್ಯಾಲೆಂಡರನ್ನೇ ತಿರುಗಿಸಿತು. ಆಯ್ಕೆಯನ್ನು ಪ್ರಥಮ ಪಿಯು ಪರೀಕ್ಷೆ ಮುಗಿದ ಕೂಡಲೇ ಮಾಡಿ, ತರಬೇತಿಯ ಬಹುಪಾಲನ್ನು ಏಪ್ರಿಲ್, ಮೇ ರಜೆಗೆ ತಂದಿತು. ಅಡುಗೆಯ ತಪ್ಪು, ಸೀಲಿನ ತಪ್ಪು, ಬೆಲೆಯ ತಪ್ಪು ಎಲ್ಲವೂ ತರಗತಿಯಿಲ್ಲದ ದಿನಗಳಲ್ಲೇ ಆಗಿಹೋಗಲಿ ಎಂಬ ಎಣಿಕೆ. ಜೂನ್‌ನಿಂದ ವಾರಕ್ಕೆ ಒಂದೇ ದಿನ ತಯಾರಿ, ಡಿಸೆಂಬರ್ ಕೊನೆಗೆ ವಿದ್ಯಾರ್ಥಿಯ ಕೆಲಸ ಬಂದ್. ಬಂಡವಾಳದ ಎರಡನೇ ಕಂತಿಗೆ ಮಾರಾಟದ ಗುರಿ ಇಲ್ಲ. ನಗದು ಪುಸ್ತಕ ಡಬ್ಬಿಗೆ ತಾಳೆಯಾದರೆ ಸಾಕು, ನಷ್ಟವಿದ್ದರೂ ಸರಿ. ಓದಿನ ಹಣ ಮತ್ತು ಬಂಡವಾಳದ ಹಣಕ್ಕೆ ಬೇರೆ ಬೇರೆ ಪುಸ್ತಕ. ಉದ್ಯಮಕ್ಕಾಗಿ ಮನೆಯವರು ಸಂಘದಲ್ಲಾಗಲಿ, ಬೇರೆ ಕಡೆಯಾಗಲಿ ಸಾಲ ಮಾಡಬೇಕಾಗಿ ಬಂದರೆ ಮೊದಲು ಟ್ರಸ್ಟ್‌ಗೆ ತಿಳಿಸಬೇಕು. ಕಾಲೇಜಿನ ಹಾಜರಾತಿ ಪಟ್ಟಿ ತಿಂಗಳಿಗೊಮ್ಮೆ, ಅದೂ ವಿಷಯವಾರು. ಒಟ್ಟು ಹಾಜರಾತಿ ನೋಡಿದ್ದರೆ ಈ ಹುಡುಗಿಯದು ನವೆಂಬರ್‌ನಲ್ಲೂ ಶೇ. 80ರ ಮೇಲಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅರ್ಜಿಯಲ್ಲಿ "ನಿಮ್ಮ ಉದ್ಯಮದಿಂದ ತಿಂಗಳಿಗೆ ಎಷ್ಟು ಆದಾಯ ನಿರೀಕ್ಷಿಸುತ್ತೀರಿ?" ಎಂಬ ಪ್ರಶ್ನೆಯಿತ್ತು. ಅದನ್ನು ತೆಗೆದುಹಾಕಿದ್ದಾರೆ. ಆ ಜಾಗದಲ್ಲಿ ಈಗ ಒಂದು ಸಣ್ಣ ಕೋಷ್ಟಕವಿದೆ: ಈ ಕೆಲಸಕ್ಕೆ ಮನೆಯಲ್ಲಿ ಯಾರು ಯಾರು ಕೈಹಚ್ಚುತ್ತಾರೆ, ವಾರದ ಯಾವ ದಿನ, ಎಷ್ಟು ಗಂಟೆ, ಆ ಹೊತ್ತಿನಲ್ಲಿ ಅವರು ಈಗ ಏನು ಮಾಡುತ್ತಿದ್ದಾರೆ. ಅದನ್ನು ವಿದ್ಯಾರ್ಥಿ ಮನೆಯಲ್ಲಿ ಕೇಳಿಯೇ ತುಂಬಬೇಕು, ಕೊನೆಗೆ ಅವ್ವನ ಸಹಿ ಬೇಕು.